ವಾರಗಿತ್ತಿಯ ಇಕ್ಕಳ

ನನ್ನ ವಾರಗಿತ್ತಿಯನ್ನು ಹೊಗಳಲು ನಾನಿಲ್ಲಿ ಕೂತಿಲ್ಲ. ಹೊಗಳುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಅವರಲ್ಲಿ ಯಾರೂ ಅವಳ ಜೊತೆ ಒಂದೇ ಸೂರಿನ ಕೆಳಗೆ ಬಾಳಿದವರಲ್ಲ. ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಅವಳ ಮುಖ, ಇಡೀ ದಿನ ಶೆಡ್ಡಿನಲ್ಲಿ ಅವಳ ಮುಖ, ಸಂಜೆ ಬಟ್ಟೆ ಒಣಹಾಕುವ ತಂತಿಯ ಆಚೆ ಮತ್ತೆ ಅದೇ ಮುಖ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ವಾರಗಿತ್ತಿಯರ ಜಗಳ ಉಂಡರೂ ಮುಗಿಯುವುದಿಲ್ಲ, ಮಲಗಿದರೂ ಮುಗಿಯುವುದಿಲ್ಲ. ಕನಸಿನಲ್ಲೂ ನಾನು ಅವಳಿಗೆ ಎದುರುತ್ತರ ಕೊಟ್ಟದ್ದುಂಟು.

ಶೆಡ್ಡಿನಲ್ಲಿ ಅವಳಿಗೆ ಇಕ್ಕಳ ಎಂದು ಹೆಸರು. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಲ್ಲ, ಮುಖಕ್ಕೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ನೀಲಿ ಕೋಟಿನ ಜೇಬಿನಲ್ಲಿ ಕೆಂಪು ಹಿಡಿಯ ಇಕ್ಕಳವೊಂದು ಯಾವಾಗಲೂ ಇರುತ್ತದೆ. ಆ ಜೇಬು ಎರಡು ಸಲ ಹರಿದು ಎರಡು ಸಲ ಹೊಲಿಸಿಕೊಂಡಿದೆ. ಮದುವೆಗೆ ಮುಂಚೆ ಅವಳು ಬಾಟಲಿ ಕಾರ್ಖಾನೆಯಲ್ಲಿದ್ದಳಂತೆ. ಉರಿಯುವ ದೀಪದ ಮುಂದೆ ಬಾಟಲಿಗಳು ಸಾಲಾಗಿ ಸಾಗುತ್ತವೆ, ಇವಳು ಸ್ಟೂಲಿನ ಮೇಲೆ ಕೂತು ಬಿರುಕು ಬಿಟ್ಟದ್ದನ್ನು ಎತ್ತಿ ಬುಟ್ಟಿಗೆ ಎಸೆಯಬೇಕು. ಅಷ್ಟೇ ಕೆಲಸ. ಅಲ್ಲಿಂದ ಬಂದವಳಿಗೆ ಲೋಕವೆಲ್ಲ ಬಾಟಲಿಯೇ. ನಾನು ಹೊಸ ಸೊಸೆಯಾಗಿ ಮನೆಗೆ ಬಂದ ಮೊದಲ ಸಂಜೆ ಪಾತ್ರೆ ತೊಳೆದು ಬೋರಲು ಹಾಕಿದೆ. ಅವಳು ಒಂದೊಂದನ್ನೇ ದೀಪಕ್ಕೆ ಹಿಡಿದು ನೋಡಿ, ಎಲ್ಲವನ್ನೂ ಮತ್ತೆ ತೊಳೆದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ನನ್ನ ಮಗಳು ಹುಟ್ಟಿ ಕೆಲವು ತಿಂಗಳಾದ ಮೇಲೆ ಒಂದು ದಿನ ಮಗು ನೋಡಲು ಮನೆ ತುಂಬ ನೆಂಟರು ಬಂದಿದ್ದರು. ಎಲ್ಲರೂ ಮಗುವಿನ ಮೂಗು ಯಾರದ್ದು, ಕಣ್ಣು ಯಾರದ್ದು ಎಂದು ಹರಟುತ್ತಿದ್ದಾಗ ಇವಳು ಅಡುಗೆಮನೆಯಿಂದ ಸ್ಟೀಲ್ ತಟ್ಟೆ ತಂದು, ಮಗುವಿನ ಹಿಂದೆ ನಿಂತು, ಸೌಟಿನಿಂದ ಢಣ್ ಎಂದು ಬಾರಿಸಿದಳು. ಮಗು ತಿರುಗಲಿಲ್ಲ. ಮತ್ತೆ ಬಾರಿಸಿದಳು. ಆಗಲೂ ತಿರುಗಲಿಲ್ಲ. "ಈ ಮಗೂಗೆ ಕಿವಿ ಕೇಳ್ಸಲ್ಲ" ಎಂದು ತುಂಬಿದ ಮನೆಯಲ್ಲಿ ಹೇಳಿ ತಟ್ಟೆ ಒಳಗಿಟ್ಟಳು. ಆಮೇಲೆ ನಾವು ಮಗುವನ್ನೆತ್ತಿಕೊಂಡು ಡಾಕ್ಟರರಿಂದ ಡಾಕ್ಟರರ ಹತ್ತಿರ ಅಲೆದೆವು. ಮಗುವಿನ ಕಿವಿ ಚೆನ್ನಾಗಿಯೇ ಇತ್ತು. ತಿರುಗಬೇಡ ಅನ್ನಿಸಿತ್ತು, ತಿರುಗಿರಲಿಲ್ಲ. ಇವತ್ತಿಗೂ ನನ್ನ ಮಗಳ ಸ್ವಭಾವ ಅದೇ. ನನ್ನ ವಾರಗಿತ್ತಿ ತಪ್ಪಾಯಿತು ಅಂದಳೇ? ನೋಡಿಸಿದ್ದು ಒಳ್ಳೆಯದೇ ಆಯಿತಲ್ಲ ಅಂದಳು. ಅವತ್ತಿನಿಂದ ಮನೆಯಲ್ಲಿ ಎರಡು ಅಡುಗೆಮನೆ. ಅಣ್ಣ ತಮ್ಮಂದಿರಿಬ್ಬರೂ ಸೇರಿ, ಒಂದು ಮಾತೂ ಆಡದೆ, ಹಿಂದಿನ ವರಾಂಡಕ್ಕೆ ಗೋಡೆ ಎತ್ತಿಸಿ ನನಗೊಂದು ಒಲೆ ಹೂಡಿಕೊಟ್ಟರು.

ಅವಳಿಗೆ ಮಕ್ಕಳಾಗಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬೇಕಾಗುತ್ತದೆ. ನಾವು ಏನೇನು ಕಿತ್ತಾಡಿದರೂ, ನೀರಿಗೆ, ಬಿಸಿಲಿಗೆ, ಚಪ್ಪಲಿ ಬಿಡುವ ಜಾಗಕ್ಕೆ ಜಗಳ ಆಡಿದರೂ, ಆ ಒಂದು ಮಾತು ಮಾತ್ರ ನನ್ನ ಬಾಯಿಂದ ಬಂದಿರಲಿಲ್ಲ. ನನ್ನ ಮಗಳು ಗೋಡೆಯ ಎರಡೂ ಕಡೆ ಉಂಡು ಬೆಳೆದಳು. ದೊಡ್ಡಮ್ಮನ ಮನೆಯಲ್ಲಿ ಒಂದು ತುತ್ತು, ಅಮ್ಮನ ಹತ್ತಿರ ಒಂದು ತುತ್ತು. ನನ್ನನ್ನು ರೇಗಿಸಬೇಕೆಂದಾಗ ದೊಡ್ಡಮ್ಮನ ಕೈರುಚಿ ಹೊಗಳುತ್ತಿದ್ದಳು. ಅದು ನಿಜವೂ ಆಗಿತ್ತು ಎಂಬುದು ನನ್ನ ಹೊಟ್ಟೆ ಇನ್ನಷ್ಟು ಉರಿಸುತ್ತಿತ್ತು.

ಇನ್ನು ನಮ್ಮ ಕೆಲಸದ ವಿಷಯ. ಬಂದರಿನ ಕೊನೆಯಲ್ಲಿ ತಗಡಿನ ಎತ್ತರದ ಶೆಡ್ಡೊಂದಿದೆ. ಅಲ್ಲಿ ನಾವು ಸಮುದ್ರದಲ್ಲಿ ನಿಲ್ಲಿಸುವ ಅಳತೆಯ ಸಾಲುಗಳನ್ನು ಸಿದ್ಧಮಾಡುತ್ತೇವೆ. ಸಾಲು ಎಂದರೆ ಬೆಟ್ಟದಷ್ಟು ಉದ್ದದ ಹಗ್ಗ. ಮೇಲ್ತುದಿಯಲ್ಲಿ ಹಳದಿ ತೇಲುಗುಂಡುಗಳು. ನಡುವೆ ಅಲ್ಲಲ್ಲಿ ಫ್ಲಾಸ್ಕಿನಂಥ ಯಂತ್ರಗಳು, ನೀರು ಎಷ್ಟು ಬಿಸಿ, ಎಷ್ಟು ಉಪ್ಪು, ಯಾವ ಕಡೆ ಹರಿಯುತ್ತದೆ ಎಂದು ಅಳೆಯುತ್ತವೆ. ಕೆಳಗೆ ಒಂದು ಕೊಕ್ಕೆ. ಅದರ ಕೆಳಗೆ ಸರಪಣಿ, ತೀರಾ ಕೆಳಗೆ ಭಾರಕ್ಕೆ ಹಳೆಯ ರೈಲಿನ ಗಾಲಿಗಳು. ಹಡಗಿನವರು ಇದನ್ನು ನಡುನೀರಿಗೆ ಇಳಿಸಿ ಬರುತ್ತಾರೆ. ಒಂದು ವರ್ಷ ಕತ್ತಲಲ್ಲಿ ನಿಂತು ಅದು ಅಳೆಯುತ್ತಿರುತ್ತದೆ. ವರ್ಷ ತುಂಬಿದ ಮೇಲೆ ಹಡಗು ಹೋಗಿ ನೀರೊಳಗೆ ಒಂದು ಶಬ್ದ ಕಳಿಸಿದರೆ ಕೊಕ್ಕೆ ಬಾಯಿ ಬಿಡುತ್ತದೆ. ಗಾಲಿ ತಳದಲ್ಲೇ ಉಳಿದು ಮಿಕ್ಕದ್ದು ಮೇಲೆ ತೇಲಿಬರುತ್ತದೆ.

ಹೇಳುವುದಕ್ಕೆ ಇಷ್ಟೇ. ಮಾಡುವುದು ಬೇರೆ. ಯಂತ್ರಗಳನ್ನು ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ, ಅವು ಹೇಳುವ ಅಂಕಿ ಸರಿಯೇ ಎಂದು ನೋಡಬೇಕು. ಮುಚ್ಚಳದ ರಬ್ಬರ್ ಉಂಗುರದ ಮೇಲೆ ಒಂದು ಕೂದಲೆಳೆ ಸಿಕ್ಕಿಕೊಂಡಿದ್ದರೂ ಸಮುದ್ರ ಒಳಗೆ ಬರುತ್ತದೆ. ಕೊಕ್ಕೆಗೆ ಭಾರ ತೂಗಹಾಕಿ, ಶಬ್ದ ಕಳಿಸಿ, ಬಾಯಿ ಬಿಡುತ್ತದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಬೇಕು. ಹಗ್ಗ, ಸರಪಣಿ, ಯಂತ್ರ ಒಂದಕ್ಕೊಂದು ಕೂಡುವ ಕಡೆಯಲ್ಲೆಲ್ಲ ಶಾಕಲ್ ಎಂಬ ಲಾಳದಾಕಾರದ ಕಬ್ಬಿಣದ ಕೊಂಡಿ ಬರುತ್ತದೆ. ಶಾಕಲ್ಲಿಗೆ ಬೋಲ್ಟು, ಬೋಲ್ಟಿಗೆ ನಟ್ಟು, ನಟ್ಟು ಬಿಚ್ಚಿಕೊಳ್ಳದಂತೆ ಅಡ್ಡ ಒಂದು ಪಿನ್. ಪಿನ್ನಿನ ಎರಡು ಕಾಲನ್ನೂ ಎರಡು ಕಡೆಗೆ ಮಡಿಸಬೇಕು. ಹಗ್ಗ ಹೆಣೆದು, ಶಾಕಲ್ ಹಾಕಿ, ಪಿನ್ ಮಡಿಸುವವಳು ನಾನು. ನಾನು ಹಾಕಿದ್ದನ್ನು ಒಂದೊಂದಾಗಿ ಇಕ್ಕಳದಲ್ಲಿ ಹಿಡಿದು ಎಳೆದು, ಸರಿಯಿದ್ದರೆ ಹಳದಿ ಬಣ್ಣದ ಚುಕ್ಕೆ ಇಡುವವಳು ಅವಳು.

ಹಾಕಿದ ಕೈ ನೋಡಬಾರದು ಎಂಬುದು ನಮ್ಮ ಶೆಡ್ಡಿನ ಕಟ್ಟಳೆ. ಹಾಕಿದವರ ಕಣ್ಣಿಗೆ ಹಾಕಬೇಕೆಂದುಕೊಂಡದ್ದು ಕಾಣುತ್ತದೆಯೇ ಹೊರತು ಹಾಕಿದ್ದು ಕಾಣುವುದಿಲ್ಲ. ನಮ್ಮ ಮೇಸ್ತ್ರಿ ಇದಕ್ಕೆ ಇನ್ನೊಂದು ಸೇರಿಸಿದ್ದ. ಸ್ನೇಹಿತರಿಬ್ಬರನ್ನು ಜೋಡಿ ಮಾಡಿದರೆ ಒಬ್ಬರ ಮೇಲೊಬ್ಬರು ನಂಬಿಕೆ ಇಟ್ಟು ಕೆಲಸ ಕೆಡಿಸುತ್ತಾರೆ ಎಂದು ಅವನ ಅನುಭವ. ನಮ್ಮ ಮನೆಯ ಕಥೆ ಗೊತ್ತಿದ್ದೇ ನಮ್ಮಿಬ್ಬರನ್ನು ಒಂದೇ ಮೇಜಿಗೆ ಹಾಕಿದ. ನಾನು ಅತ್ತೂ ಕರೆದೂ ಬೇರೆ ಜೋಡಿ ಕೊಡಿ ಅಂದಾಗಲೆಲ್ಲ ನಗುತ್ತಿದ್ದ. ಎಣ್ಣೆ ಸೀಗೆಕಾಯಿ ಸೇರಿದರೇ ಅಲ್ಲವೇ ಜಿಡ್ಡು ಹೋಗುವುದು ಅನ್ನುತ್ತಿದ್ದ.

ಜಿಡ್ಡು ಹೋಯಿತು, ನನ್ನ ಚರ್ಮವೂ ಜೊತೆಗೆ ಹೋಯಿತು. ಮೊಸರಲ್ಲಿ ಕಲ್ಲು ಹುಡುಕುವವರನ್ನು ನೀವು ನೋಡಿರಬಹುದು. ಇವಳು ಕಲ್ಲು ಸಿಗದಿದ್ದರೆ ಮೊಸರಿನ ಮೇಲೇ ಸಿಟ್ಟಾಗುವವಳು. ಪಿನ್ನಿನ ಕಾಲು ಇಷ್ಟು ಮಡಿಸಿದರೆ ಸಾಲದು, ಅಷ್ಟು ಮಡಿಸಿದರೆ ಮುರಿಯುತ್ತದೆ. ತಪ್ಪು ಸಿಕ್ಕಿದರೆ ಬಾಯಲ್ಲಿ ಹೇಳುತ್ತಿರಲಿಲ್ಲ. ಪಿನ್ ಕಿತ್ತು, ಎಲ್ಲರಿಗೂ ಕೇಳುವಂತೆ ತಗಡಿನ ಮೇಜಿನ ಮೇಲೆ ಎಸೆಯುತ್ತಿದ್ದಳು. ಟಣ್. ಇಡೀ ಶೆಡ್ಡು ತಿರುಗಿ ನನ್ನನ್ನು ನೋಡುತ್ತಿತ್ತು. ಕ್ರೇನಿನ ಮೇಲೆ ಕೂತ ನಮ್ಮ ಭಾವ, ಅಂದರೆ ಅವಳ ಗಂಡ, ಬಡಪಾಯಿ, ಆಕಾಶ ನೋಡುತ್ತಿದ್ದ. ನನ್ನ ಗಂಡ ಲಾರಿ ಓಡಿಸುವವನು. ಇಂಥ ಗಳಿಗೆಯಲ್ಲಿ ಊರಲ್ಲೇ ಇರುತ್ತಿರಲಿಲ್ಲ, ಪುಣ್ಯವಂತ. ಒಂದು ಮಾತು ಮಾತ್ರ ಒಪ್ಪಬೇಕು: ನಮ್ಮ ಮೇಜಿನಿಂದ ಹೋದ ಸಾಲು ಯಾವುದೂ ಸಮುದ್ರದಲ್ಲಿ ಕಳಚಿಕೊಂಡಿಲ್ಲ.

ಮಗಳು ಹಡಗಿನ ಡೆಕ್ಕಿನ ಕೆಲಸ ಕಲಿತಳು. ನಾನು ಬೇಡ ಅಂದೆ, ತಿರುಗಲೇ ಇಲ್ಲ. ಈ ಸಲದ ಸಾಲು ಇಳಿಸುವ ಹಡಗಿನಲ್ಲಿ ಅವಳಿಗೆ ಹಿಂಬದಿಯ ಜಾಗ ಕೊಟ್ಟರು. ಸಾಲಿನ ಕೊನೆಯ ತುಂಡು, ಗಾಲಿಗಳ ಭಾರ ಹೊತ್ತ ಸರಪಣಿ, ಹಡಗಿನ ಅಂಚಿನಲ್ಲಿ ತೂಗಾಡುವಾಗ ಅದರ ಪಕ್ಕದಲ್ಲೇ ನಿಲ್ಲುವ ಕೆಲಸ. ಅಲ್ಲಿ ಒಂದು ಶಾಕಲ್ ಬಿಟ್ಟುಕೊಂಡರೆ ಭಾರ ಕೆಳಗೆ ಹೋಗುತ್ತದೆ, ಬಿಗಿದಿದ್ದ ಹಗ್ಗ ಹಿಂದಕ್ಕೆ ಬೀಸುತ್ತದೆ. ಬೇರೆ ಬಂದರಿನಲ್ಲಿ ಹಾಗೆ ಬೀಸಿದ ಹಗ್ಗ ಒಬ್ಬನ ಕಾಲನ್ನು ಮಂಡಿಯ ಕೆಳಗೆ ಇಲ್ಲದಂತೆ ಮಾಡಿದ್ದು ನಮ್ಮ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು. ನನ್ನ ಮಗಳು ನಿಲ್ಲುವ ಜಾಗ ಅದು. ಅವಳ ಪಕ್ಕದಲ್ಲಿ ತೂಗುವ ಶಾಕಲ್ಲುಗಳನ್ನು ಹಾಕುವವಳು ನಾನು.

ಸುದ್ದಿ ಬಂದ ಸಂಜೆ ನನ್ನ ವಾರಗಿತ್ತಿ ಗೋಡೆ ಸುತ್ತಿಕೊಂಡು ನನ್ನ ಅಡುಗೆಮನೆಗೆ ಬಂದಳು. ಆ ಹೊಸ್ತಿಲನ್ನು ಅವಳು ದಾಟಿದ್ದು ಅದೇ ಮೊದಲು. ಸ್ಟೂಲಿನ ಮೇಲೆ ಕೂತಳು. ಕೂತವಳೇ ಅಳಲು ಶುರುಮಾಡಿದಳು. ಮಗುವನ್ನು ಕಳಿಸುತ್ತಿದ್ದೇವೆ, ಮನೆಯಲ್ಲಿ ಉಳಿಯುವುದು ನಾವಿಬ್ಬರೇ, ಇನ್ನೂ ಎಷ್ಟು ದಿನ ಈ ಹಟ ಅಂದಳು. ನನಗೂ ಅಳು ಬಂತು. ಕಲ್ಲೇನಲ್ಲವಲ್ಲ ನಾನು. ಚಹಾ ಮಾಡಿಕೊಟ್ಟೆ. ಲೋಟವನ್ನು ದೀಪಕ್ಕೆ ಹಿಡಿದು ನೋಡದೆ ಕುಡಿದಳು.

ಆ ದಿನಗಳ ಸುಖವನ್ನು ಹೇಗೆ ಹೇಳಲಿ. ಒಂದೇ ಒಲೆಯಲ್ಲಿ ಅಡುಗೆಯಾಯಿತು. ಗಂಡಂದಿರಿಬ್ಬರೂ ಏನೋ ಅನಾಹುತ ಕಾದಿದೆ ಎಂಬಂತೆ ನಮ್ಮ ಮುಖ ನೋಡುತ್ತ ಉಂಡರು. ಅವಳು ನನ್ನ ತಲೆ ಬಾಚಿಕೊಟ್ಟಳು. ಮಗಳಿಗೆ ದಪ್ಪ ಉಣ್ಣೆಯ ಅಂಗಿ ಹೆಣೆಯಲು ಕೂತೆವು, ಬೆನ್ನು ಅವಳದ್ದು, ತೋಳು ನನ್ನದು. ಅವಳು ಹುಡುಗಾಟದ ಹೆಂಗಸು ಎಂಬುದೇ ನನಗೆ ಗೊತ್ತಿರಲಿಲ್ಲ. ಬಾಟಲಿ ಕಾರ್ಖಾನೆಯ ಮ್ಯಾನೇಜರನ ನಡಿಗೆಯನ್ನು ನಡೆದು ತೋರಿಸಿ ನನ್ನನ್ನು ಹೊಟ್ಟೆ ಹಿಡಿದುಕೊಳ್ಳುವಷ್ಟು ನಗಿಸಿದಳು. ಈ ನಗಿಸುವವಳನ್ನು ಇಷ್ಟು ವರ್ಷ ತನ್ನೊಳಗೆ ಎಲ್ಲಿ ಬಚ್ಚಿಟ್ಟಿದ್ದಳೋ ಎಂದು ನನಗೆ ಸಿಟ್ಟೇ ಬಂತು.

ಶೆಡ್ಡಿನಲ್ಲೂ ಮಾತೇ ಮಾತು. ನಾನು ಪಿನ್ ಮಡಿಸುತ್ತ ಮಾತಾಡುತ್ತಿದ್ದೆ, ಅವಳು ಎಳೆಯುತ್ತ ಮಾತಾಡುತ್ತಿದ್ದಳು. ಭಾರದ ಪರೀಕ್ಷೆಯ ದಿನ ಭಾವ ಕ್ರೇನಿನಿಂದ ಸರಪಣಿಯನ್ನು ಎತ್ತಿ ಹಿಡಿದ, ಗಾಲಿಗಳಿಗಿಂತ ಹೆಚ್ಚಿನ ಭಾರ ತೂಗಹಾಕಿದೆವು, ಎಲ್ಲ ಸರಿಯಾಗಿ ನಿಂತಿತು. ಆಮೇಲೆ ಪರೀಕ್ಷೆಗೆಂದು ಹಾಕಿದ ಬೋಲ್ಟುಗಳನ್ನು ತೆಗೆದು ಸಮುದ್ರಕ್ಕೆ ಹೋಗುವ ಬೋಲ್ಟು, ಪಿನ್ ಹಾಕುವುದು ನನ್ನ ಕೆಲಸ. ಹಾಕಿದೆ. ಉಣ್ಣೆಯ ಅಂಗಿಗೆ ಕಾಲರ್ ಬೇಕೇ ಬೇಡವೇ ಎಂಬ ಚರ್ಚೆ ನಡೆಯುತ್ತಿತ್ತು. ಅವಳು ಬಣ್ಣದ ಡಬ್ಬಿ ಹಿಡಿದು ನನ್ನ ಹಿಂದೆಯೇ ಚುಕ್ಕೆ ಇಡುತ್ತ ಬಂದಳು. ಸರಪಣಿಯ ಕೊನೆಗೆ ಬಂದಾಗ ಇಕ್ಕಳ ಜೇಬಿನಲ್ಲೇ ಇತ್ತು.

"ನೋಡ್ಲಿಲ್ವಲ್ಲ ಅಕ್ಕ" ಅಂದೆ.

"ನೀನು ಹಾಕಿದ್ದು ತಾನೆ. ಸರಿ ಇರತ್ತೆ ಬಿಡು" ಅಂದಳು.

ಅವಳಿಂದ ಅಂಥ ಮಾತು ಕೇಳಬೇಕೆಂದು ನಾನು ಎಷ್ಟು ವರ್ಷ ಹಂಬಲಿಸಿದ್ದೆನೋ. ಕೇಳಿದ ಕೂಡಲೇ ಒಂದು ಸಲ ನೋಡು ಎಂದು ಬೇಡಿಕೊಂಡೆ. ನನ್ನ ಸಮಾಧಾನಕ್ಕೆಂದು ಇಕ್ಕಳ ತೆಗೆದಳು, ಮಗುವಿನ ಕೆನ್ನೆ ಹಿಂಡುವ ಹಾಗೆ ಅಲ್ಲೊಂದು ಇಲ್ಲೊಂದು ಹಿಂಡಿದಳು, ಕಾಲರ್ ಬೇಕೇ ಬೇಕು ಅಂದಳು. ನಾನೇ ಬಗ್ಗಿ ನೋಡಿದೆ. ಎಲ್ಲ ಸರಿಯಾಗಿ ಕಂಡಿತು. ನನ್ನ ಕಣ್ಣಿಗೆ ಸರಿಯಾಗಿ ಕಾಣದೆ ಇನ್ನೇನು.

ಮೇಸ್ತ್ರಿಯ ಹತ್ತಿರ ಓಡಿದೆ. ಬೇರೆ ಯಾರಿಂದಲಾದರೂ ನೋಡಿಸಿ ಅಂದೆ. ಅವನು ಊಟದ ಡಬ್ಬಿ ಮುಚ್ಚುತ್ತ, ಇಷ್ಟು ವರ್ಷ ಅವಳು ನೋಡುತ್ತಾಳೆ ಎಂದು ಅಳುತ್ತಿದ್ದೆ, ಈಗ ನೋಡುವುದಿಲ್ಲ ಎಂದು ಅಳುತ್ತೀಯ, ನಿನ್ನ ಅಳುವಿಗೆ ಒಂದು ಕೊನೆ ಇದೆಯೇ ಎಂದು ಕೇಳಿದ. ಚುಕ್ಕೆ ಬಿದ್ದಾಗಿದೆ, ನಾಳೆ ಲಾರಿಗೆ ಏರಿಸಬೇಕು, ಬೇರೆ ಮೇಜಿನವರೆಲ್ಲ ಅವರವರ ಸಾಲಿನಲ್ಲಿ ಮುಳುಗಿದ್ದಾರೆ. ಇಕ್ಕಳದ ಚುಕ್ಕೆಯ ಮೇಲೆ ಇನ್ನೊಬ್ಬರು ಕೈಯಿಟ್ಟರೆ ಅವಳು ಶೆಡ್ಡಿಗೇ ಬೆಂಕಿ ಹಚ್ಚುತ್ತಾಳೆ ಎಂದು ನಕ್ಕ. ಅಷ್ಟು ಹೇಳಿ ಕೈ ತೊಳೆಯಲು ಹೋದ.

ಬಸ್ಸಿನಲ್ಲಿ ಅವಳ ಪಕ್ಕ ಕೂತು ಮನೆಗೆ ಬರುವಾಗ ನನ್ನ ತಲೆಯಲ್ಲಿ ಒಂದೇ ಯೋಚನೆ. ಈ ಹೆಂಗಸು ಪ್ರೀತಿಸಿದವರ ಕೆಲಸ ನೋಡಲಾರಳು. ದ್ವೇಷಿಸಿದವರದ್ದನ್ನು ಮಾತ್ರ ನೋಡಬಲ್ಲಳು. ನಾಳೆ ಬೆಳಿಗ್ಗೆಯೊಳಗೆ ಅವಳು ನನ್ನನ್ನು ಮತ್ತೆ ದ್ವೇಷಿಸಬೇಕು. ಹಾಗೆ ದ್ವೇಷ ಹುಟ್ಟಿಸಬಲ್ಲ ಮಾತು ನನ್ನ ಹತ್ತಿರ ಒಂದಿತ್ತು. ಚಪ್ಪಲಿ, ನೀರು, ಪಾತ್ರೆಯ ಜಗಳದಿಂದ ಆಗುವ ಕೆಲಸ ಅಲ್ಲ ಅದು. ಅವಳು ನನ್ನ ಭುಜಕ್ಕೆ ತಲೆಯಿಟ್ಟು ತೂಕಡಿಸುತ್ತಿದ್ದಳು.

ಊಟಕ್ಕೆ ಎಲ್ಲರೂ ಕೂತಿದ್ದೆವು. ಮಗಳು ಹೊಸ ಉಣ್ಣೆಯ ಅಂಗಿ ಹಾಕಿಕೊಂಡು ಸೆಖೆಯಲ್ಲಿ ಬೆವರುತ್ತ ಮೆರೆಯುತ್ತಿದ್ದಳು. ದೊಡ್ಡಮ್ಮ ಅದರ ಬೆನ್ನು ಸರಿಮಾಡುತ್ತ, ನಮ್ಮ ಮಗು ಎಷ್ಟು ಚೆನ್ನಾಗಿ ಕಾಣುತ್ತಾಳೆ ಅಂದಳು.

"ನಮ್ಮ ಮಗು ಅಲ್ಲ, ನನ್ನ ಮಗು" ಅಂದೆ. "ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ. ಅವತ್ತು ತಟ್ಟೆ ಬಡಿದಿದ್ದು ಕಿವಿ ನೋಡೋಕಲ್ಲ. ನಿಂಗಿಲ್ಲದ್ದು ನಂಗಾಯ್ತಲ್ಲ ಅಂತ. ಬರಿ ಮಡಿಲು ಇಟ್ಕೊಂಡು ಕಂಡೋರ ಮಗೂಗೆ ಅಂಗಿ ಹೆಣೀತಾ ಕೂತಿದೀಯ."

ಭಾವ ತಟ್ಟೆಯಲ್ಲಿ ಕೈ ತೊಳೆದುಕೊಂಡು ಎದ್ದ. ಮಗಳು ನನ್ನನ್ನು ನೋಡಿದ ನೋಟ ಇವತ್ತಿಗೂ ನನಗೆ ಬೇಡ. ಅವಳು ಆ ಅಂಗಿ ಬಿಚ್ಚಲಿಲ್ಲ, ಅಲ್ಲೇ ಹಾಗೇ ಕೂತಿದ್ದಳು. ನನ್ನ ವಾರಗಿತ್ತಿ ತನ್ನ ತಟ್ಟೆ ತೊಳೆದಳು. ನನ್ನ ತಟ್ಟೆಯನ್ನು ಮುಟ್ಟಲಿಲ್ಲ. ಗೋಡೆಯ ಆಚೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ನಾನು ಶೆಡ್ಡಿಗೆ ಹೋಗುವ ಹೊತ್ತಿಗೆ ಬಣ್ಣ ಕರಗಿಸುವ ತಿನ್ನರಿನ ವಾಸನೆ ಮೂಗಿಗೆ ಬಡಿಯಿತು. ಅವಳು ಯಾರಿಗಿಂತಲೂ ಮುಂಚೆ ಬಂದು, ಚಿಂದಿ ಬಟ್ಟೆಯನ್ನು ತಿನ್ನರಿನಲ್ಲಿ ಅದ್ದಿ, ಇಡೀ ಸಾಲಿನ ಮೇಲಿದ್ದ ತನ್ನ ಹಳದಿ ಚುಕ್ಕೆಗಳನ್ನೆಲ್ಲ ಒರೆಸಿಹಾಕಿದ್ದಳು. ಮಂಡಿಯೂರಿ ಕೂತು, ತೇಲುಗುಂಡಿನ ಕಡೆಯಿಂದ ಶುರುಮಾಡಿ, ಒಂದೊಂದು ಪಿನ್ ಹಿಡಿದು ಎಳೆಯುತ್ತಿದ್ದಳು. ಲಾರಿ ಬಾಗಿಲಲ್ಲಿ ಹಾರ್ನ್ ಹೊಡೆಯಿತು. ಮೇಸ್ತ್ರಿ ಹತ್ತಿರ ಹೋಗಿ ಏನೋ ಹೇಳಿದ, ಅವಳು ಕತ್ತೆತ್ತಲಿಲ್ಲ, ಅವನು ವಾಪಸು ಬಂದ. ಇಕ್ಕಳ ಕಬ್ಬಿಣಕ್ಕೆ ತಾಗುವ ಸದ್ದು ಮಾತ್ರ ಕೇಳುತ್ತಿತ್ತು.

ಸರಪಣಿಗೆ ಬಂದಳು. ಗಾಲಿಗಳ ಮೇಲಿನ ಶಾಕಲ್ಲಿಗೆ ಬಂದಳು. ಇಕ್ಕಳ ಹಾಕಿದಳು, ನಿಲ್ಲಿಸಿದಳು. ಆಮೇಲೆ ಬೆರಳಿನಿಂದಲೇ ನಟ್ಟನ್ನು ತಿರುವಿದಳು. ಅದು ತಿರುಗಿತು. ಇನ್ನೆರಡು ಸುತ್ತು ತಿರುವುವಷ್ಟರಲ್ಲಿ ಕೈಗೇ ಬಂತು. ಪರೀಕ್ಷೆಗೆ ಹಾಕಿದ್ದ ಬೋಲ್ಟೇ ಅಲ್ಲಿತ್ತು. ಪಿನ್ನಿಗೆ ತೂತೇ ಇಲ್ಲದ ಬೋಲ್ಟು. ಕಾಲರಿನ ಮಾತಾಡುತ್ತ ನಾನು ಅದೊಂದನ್ನು ಬದಲಾಯಿಸುವುದನ್ನೇ ಮರೆತಿದ್ದೆ. ಅವಳು ಅದರ ಮೇಲೇ ಚುಕ್ಕೆ ಇಟ್ಟಿದ್ದಳು.

ಎದ್ದು ಬಂದು ಬೋಲ್ಟನ್ನು ತಗಡಿನ ಮೇಜಿನ ಮೇಲೆ ಎಸೆದಳು. ಆ ಸದ್ದಿಗೆ ಕ್ರೇನಿನ ಮೇಲಿದ್ದ ಭಾವ ಕೂಡ ಈ ಸಲ ಆಕಾಶ ನೋಡಲಿಲ್ಲ. ನಾನು ಕೈಯಲ್ಲಿದ್ದ ಹಗ್ಗ ಬಿಟ್ಟು ನೆಲಕ್ಕೆ ಕುಸಿದು ಕೂತು ಗೋಳೋ ಎಂದು ಅತ್ತೆ. ತಪ್ಪು ಸಿಕ್ಕಿದ ಅವಮಾನಕ್ಕೆ ಅಳುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು. ಅವಮಾನ ಎಲ್ಲಿ ಬಂತು, ನನ್ನ ಮಗಳ ಎರಡು ಕಾಲೂ ಆ ಮೇಜಿನ ಮೇಲೆ ಬಿದ್ದಿದ್ದವು.

ಹಡಗು ಹೊರಟ ದಿನ ಬಂದರಿನ ಕಟ್ಟೆಯ ಮೇಲೆ ಇಬ್ಬರೂ ನಿಂತಿದ್ದೆವು, ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು. ಮಗಳು ಹಿಂಬದಿಯಲ್ಲಿ ನಿಂತು ಕೈಬೀಸಿದಳು. ಆ ಉಣ್ಣೆಯ ಅಂಗಿ ಹಾಕಿದ್ದಳು. ಹಡಗು ಚಿಕ್ಕದಾಗುವ ತನಕ ಕಾದೆ. ಈಗ ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದೆ, ನಿಜವಾಗಿಯೂ ನಂಬಿದ್ದೆ.

"ಅಕ್ಕ, ಅವತ್ತು ನಾನು ಹಾಗಂದಿದ್ದು ನೀನು ನೋಡ್ಲಿ ಅಂತ. ಮಗೂಗೋಸ್ಕರ."

"ಗೊತ್ತು" ಅಂದಳು. "ಬಾಗಿಲು ಹಾಕ್ಕೊಂಡಾಗಲೇ ಗೊತ್ತಾಯ್ತು. ಅದಕ್ಕೇ ಹೋಗಿ ನೋಡಿದ್ದು."

ನನಗೆ ಜೀವ ಬಂದಂತಾಯಿತು. ಅವಳ ತೋಳು ಹಿಡಿಯಲು ಕೈ ಚಾಚಿದೆ. ಅವಳು ಒಂದು ಹೆಜ್ಜೆ ಸರಿದು ನಿಂತಳು.

"ಆದ್ರೆ ಆ ಮಾತು ನೀನು ಆವತ್ತು ಎಲ್ಲಿಂದಲೋ ತಂದಿದ್ದಲ್ಲ. ಒಳಗೇ ಇಟ್ಕೊಂಡಿದ್ದೆ. ಬೇಕಾದಾಗ ತೆಗೆದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮತ್ತೆ ಅನ್ನುತ್ತಿದ್ದರು. ಅವರು ಅಂದಾಗಲೆಲ್ಲ ನಾನು ಮುಖ ತಿರುಗಿಸುತ್ತಿದ್ದೆ. ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಳು.

ಹಡಗು ಸುರಕ್ಷಿತವಾಗಿ ಸಾಲು ಇಳಿಸಿ ಬಂತು. ಮಗಳು ಬಂದವಳು ಮೊದಲು ಗೋಡೆಯ ಆಚೆ ಹೋದಳು, ಅಲ್ಲೇ ಉಂಡಳು. ನನ್ನ ಅಡುಗೆಮನೆಗೆ ಅವಳು ಬರಲು ಮೂರು ದಿನ ಬೇಕಾಯಿತು. ದೊಡ್ಡಮ್ಮ ಅವಳಿಗೆ ಏನು ಹೇಳಿದಳೋ, ಏನು ಹೇಳಲಿಲ್ಲವೋ, ನಾನು ಕೇಳಿಲ್ಲ.

ಶೆಡ್ಡಿನಲ್ಲಿ ಈಗ ಹೊಸ ಸಾಲು ಶುರುವಾಗಿದೆ. ಮೇಸ್ತ್ರಿ ನಮ್ಮನ್ನು ಅದೇ ಮೇಜಿನಲ್ಲಿಟ್ಟು ಖುಷಿಯಾಗಿದ್ದಾನೆ. ಮೊದಲ ದಿನ ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮೊದಲ ಪಿನ್ ಹಾಕಿದೆ, ಎರಡು ಕಾಲನ್ನೂ ಅವಳು ಹೇಗೆ ಬಯಸುತ್ತಾಳೋ ಹಾಗೇ ಮಡಿಸಿದೆ. ಅವಳು ಇಕ್ಕಳದಲ್ಲಿ ಹಿಡಿದು, ಎಳೆದು, ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಕಿತ್ತು ತಗಡಿನ ಮೇಜಿನ ಮೇಲೆ ಎಸೆದಳು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಪಿನ್ ಸರಿಯಾಗಿಯೇ ಇತ್ತು.